ಇಲಿ ಮರೆತಿದೆಯೋ, ಅದಕ್ಕೆ ಕಣ್ಣೇ ಕಾಣದೋ? ಡಿಮೆನ್ಶಿಯಾ ಮಾದರಿ ಇಲಿಗಳ ನಡವಳಿಕೆ, ಮಿದುಳಿನ ಅಲೆ ಅಳೆಯುವ ಕ್ರಮ

ಮನುಷ್ಯರಾದರೆ ಅರುವತ್ತಕ್ಕೆ ಅರಳುಮರಳು ಎಂದು ಮನೆಯವರೇ ಹೇಳಿಬಿಡುತ್ತಾರೆ. ಅಜ್ಜ ಉಂಡು ಕೈತೊಳೆದ ಮೇಲೆ ಊಟ ಯಾವಾಗ ಎಂದು ಕೇಳುತ್ತಾರೆ, ಅಂಗಳ ದಾಟಿದರೆ ದಾರಿ ತಪ್ಪುತ್ತಾರೆ. ಇಲಿಯ ಬಗ್ಗೆ ಹಾಗೆ ಹೇಳುವವರು ಯಾರೂ ಇಲ್ಲ. ಅದು ತಪ್ಪು ದಾರಿ ಹಿಡಿಯಿತು ಎಂಬುದಷ್ಟೇ ನಮಗೆ ಕಾಣುತ್ತದೆ. ಮರೆತು ತಪ್ಪಿತೋ, ಕಣ್ಣು ಕಾಣದೆ ತಪ್ಪಿತೋ, ಹೆದರಿ ತಪ್ಪಿತೋ, ಆ ಹೊತ್ತಿಗೆ ಮಿದುಳಿನಲ್ಲಿ ಅಪಸ್ಮಾರದ ಕಿಡಿ ಹಾರಿತ್ತೋ ಎಂದು ವಿಂಗಡಿಸುವುದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಮುಗಿಯುತ್ತದೆ.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ, ತಲಪಾಡಿ ದಾಟಿ ದೇರಳಕಟ್ಟೆ ಕಡೆಗೋ ಸ್ನಾತಕೋತ್ತರ ಓದಲು ಹೋಗುವ ಕಾಸರಗೋಡಿನ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆಂದು ಮೊದಲ ಸಲ ಇಲಿ ಹಿಡಿಯುವಾಗ ಕೈಯಲ್ಲಿ ಇರಬೇಕಾದ ಕ್ರಮ ಇದು. ಇಲ್ಲಿ ಇಲಿ ಎಂದರೆ 25–30 ಗ್ರಾಂ ತೂಗುವ ಮೌಸ್. ಅದಕ್ಕಿಂತ ಹತ್ತು ಪಟ್ಟು ತೂಗುವ ರ‍್ಯಾಟ್‌ನ ಅಳತೆಗಳನ್ನು ಇದಕ್ಕೆ ಹಾಕಬೇಡಿ. ಇನ್ನೊಂದು ಮಾತು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ರಚನೆಯಾದ, ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಸಿಸಿಎಸ್‌ಇಎ ಸಮಿತಿಯ ನಿಯಮದಂತೆ, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಫಾರ್ಮ್ ಬಿ ಎಂಬ ಅರ್ಜಿ ನೋಡಿ ಒಪ್ಪಿಗೆ ಕೊಡುವ ತನಕ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಇಲಿಗಳ ಸಂಖ್ಯೆ, ನೋವು ನಿವಾರಕದ ಪ್ರಮಾಣ, ಯಾವ ಹಂತದಲ್ಲಿ ಪ್ರಯೋಗ ನಿಲ್ಲಿಸುತ್ತೀರಿ ಎಂಬುದು ಎಲ್ಲವೂ ಅದರಲ್ಲಿ ಇರಬೇಕು.

ತಳಿ ಮತ್ತು ವಯಸ್ಸು

ಹೆಚ್ಚು ಬಳಕೆಯಲ್ಲಿರುವುದು ಫೈವ್-ಎಕ್ಸ್-ಫ್ಯಾಡ್ ಎಂಬ ಆಲ್ಝೈಮರ್ ಮಾದರಿಯ ತಳಿ. 2006ರಲ್ಲಿ ಪ್ರಕಟವಾದ ಈ ತಳಿಯಲ್ಲಿ ಮನುಷ್ಯರ ಎಪಿಪಿ ಜೀನ್‌ನ 3 ಮತ್ತು ಪ್ರೆಸೆನಿಲಿನ್-1ರ 2 ರೂಪಾಂತರಗಳನ್ನು ಒಟ್ಟಿಗೆ ಸೇರಿಸಲಾಗಿದೆ. ಸುಮಾರು 2 ತಿಂಗಳಿಗೇ ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೊಟೀನಿನ ಗಂಟು ಕಾಣುತ್ತದೆ. ವೈ-ಮೇಜ್‌ನಲ್ಲಿ, ಅಂದರೆ ವೈ ಅಕ್ಷರದಂತೆ ಮೂರು ಓಣಿಯ ದಾರಿ ಹುಡುಕುವ ಪರೀಕ್ಷೆಯಲ್ಲಿ, ಎಡವಲು ಶುರುವಾಗುವುದು 4–5 ತಿಂಗಳಿಗೆ. ಹೆಣ್ಣಿಲಿಗಳಲ್ಲಿ ಗಂಟು ಹೆಚ್ಚು, ಆದ್ದರಿಂದ ಗಂಡು ಹೆಣ್ಣನ್ನು ಒಂದೇ ರಾಶಿಗೆ ಹಾಕಿ ಸರಾಸರಿ ತೆಗೆಯಬೇಡಿ. ಶುದ್ಧ ಸಿ57 (ಪ್ರಯೋಗಾಲಯಗಳ ಸಾಮಾನ್ಯ ತಳಿ) ಹಿನ್ನೆಲೆಗೆ ತಂದ ಫೈವ್-ಎಕ್ಸ್-ಫ್ಯಾಡ್‌ನಲ್ಲಿ ನಡವಳಿಕೆಯ ದೋಷ ಇನ್ನೂ ತಡವಾಗಿ, ಇನ್ನೂ ಮೆತ್ತಗೆ ಬರುತ್ತದೆ. ಹಳೆಯ ಮಿಶ್ರ ಹಿನ್ನೆಲೆಯ ಲೇಖನ ಓದಿ ಶುದ್ಧ ಹಿನ್ನೆಲೆಯ ಇಲಿ ತರಿಸಿದವರು 4 ತಿಂಗಳಲ್ಲಿ ಏನೂ ಸಿಗದೆ ತಲೆಕೆಡಿಸಿಕೊಳ್ಳುವುದು ಇದರಿಂದಲೇ.

ಎಪಿಪಿ-ಪಿಎಸ್1 ತಳಿಯಲ್ಲಿ ಗಂಟು ಬರುವುದು ಸುಮಾರು 6 ತಿಂಗಳಿಗೆ. ಇದರಲ್ಲಿ ಸೆಳವು ಬಂದು ರಾತ್ರೋರಾತ್ರಿ ಸಾಯುವ ಇಲಿಗಳೂ ಇರುತ್ತವೆ, ಹಾಗಾಗಿ ಕೊನೆಗೆ ಬೇಕಾದ ಸಂಖ್ಯೆಗಿಂತ ಕೆಲವನ್ನು ಹೆಚ್ಚಿಗೆ ಕೇಳಿಕೊಳ್ಳಿ. ಅಮೈಲಾಯ್ಡ್ ಬದಲು ಟೌ ಎಂಬ ಪ್ರೊಟೀನು ಕೆಡುವ ಪಿಎಸ್19 ತಳಿ ಬೇಕಿದ್ದರೆ ನೆನಪಿಡಿ, ವಯಸ್ಸಾದಂತೆ ಅದರ ಹಿಂಗಾಲು ಸೋಲುತ್ತದೆ. ಕಾಲಿಲ್ಲದ ಇಲಿಗೆ ಓಟದ ಪರೀಕ್ಷೆ ಕೊಟ್ಟು ನೆನಪಿನ ಅಂಕ ಹಾಕಿದಂತಾಗಬಾರದು.

ಹೋಲಿಕೆಗೆ ಬೇಕಾದ ಸಹಜ ಇಲಿಗಳು ಅದೇ ತಾಯಿಯ ಅದೇ ಸೂಲಿನವು ಆಗಿರಲಿ. ಬೇರೆ ಕಡೆಯಿಂದ ತರಿಸಿದ ಸಹಜ ಇಲಿ ಬೆಳೆದ ಗೂಡು, ತಿಂದ ಆಹಾರ, ಪ್ರಯಾಣದ ದಣಿವು ಎಲ್ಲ ಬೇರೆ. ಗುಂಪಿಗೆ 10–12 ಇಲಿ ಇಲ್ಲದೆ ನಡವಳಿಕೆ ಪರೀಕ್ಷೆಗೆ ಇಳಿಯಬೇಡಿ.

ಪತ್ತನಾಜೆಯ ಆಚೆ ಈಚೆ

ಪಂಚಾಂಗ ನೋಡಿ ಪ್ರಯೋಗ ಮಾಡುವುದು ಮೂಢನಂಬಿಕೆ ಅನ್ನಿಸಬಹುದು. ನಮ್ಮ ಗಡಿನಾಡಿನಲ್ಲಿ ಅದು ಬೇಕಾಗುತ್ತದೆ. ದೀಪಾವಳಿಯಿಂದ, ಮೇ ಕೊನೆಗೆ ಬರುವ ಪತ್ತನಾಜೆಯ ತನಕ ಕೋಲ, ತೆಯ್ಯಂ, ಬಯಲಾಟ, ನಡುವೆ ವಿಷುವಿನ ಪಟಾಕಿ, ಜಾತ್ರೆಯ ಕದಿನ. ರಾತ್ರಿಯಿಡೀ ಚೆಂಡೆ ಕೇಳಿದ ಇಲಿ ಮರುದಿನ ಬೆಳಿಗ್ಗೆ ಮೂಲೆ ಬಿಟ್ಟು ಕದಲುವುದಿಲ್ಲ. ಪತ್ತನಾಜೆ ಕಳೆದು ಸದ್ದು ನಿಂತಿತು ಎನ್ನುವಾಗ ಮಳೆ ಹಿಡಿಯುತ್ತದೆ. ತೇವಾಂಶ ಏರಿ ಕೇಬಲ್ ಕೊಂಡಿಗಳಲ್ಲಿ ನೀರಿನ ಪಸೆ ಕೂರುತ್ತದೆ. ನಡವಳಿಕೆ ಪರೀಕ್ಷೆಗಳನ್ನು ಮಳೆಗಾಲಕ್ಕೂ ಮಿದುಳಿನ ಅಲೆಯ ದಾಖಲೆಯನ್ನು ಡಿಸೆಂಬರ್ ನಂತರಕ್ಕೂ ಇಟ್ಟುಕೊಳ್ಳುವುದು ಒಳ್ಳೆಯ ಹೊಂದಾಣಿಕೆ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆಯ ಗುಡುಗು ಸಿಡಿಲಿನ ಹೊತ್ತಿಗೆ ಇಲಿಯ ತಲೆಯಿಂದ ಯಂತ್ರಕ್ಕೆ ತಂತಿ ಕಟ್ಟಿ ಬಿಡಲೇಬೇಡಿ.

ಕೋಣೆ 20–24 ಡಿಗ್ರಿ, ತೇವಾಂಶ ಶೇ. 30–70ರ ಒಳಗೆ, 12 ಗಂಟೆ ಬೆಳಕು 12 ಗಂಟೆ ಕತ್ತಲೆ. ಎಸಿ ಇದ್ದರೂ ಆಟಿಯಲ್ಲಿ (ಜುಲೈ–ಆಗಸ್ಟ್) ತೇವಾಂಶ ಇಳಿಯದಿದ್ದರೆ ಡಿಹ್ಯುಮಿಡಿಫೈಯರ್ ಬೇಕೇ ಬೇಕು. ಹಾಸಿಗೆಗೆ ಭತ್ತದ ಉಮಿ ಅಗ್ಗವೆಂದು ಹಾಕುವುದುಂಟು. ಆಟೋಕ್ಲೇವ್ ಮಾಡಿ, ಜರಡಿ ಹಿಡಿದು, ದೂಳು ತೆಗೆದ ಮೇಲೆ ಹಾಕಿ. ಪ್ರಯೋಗದ ನಡುವೆ ಹಾಸಿಗೆ ಬದಲಿಸಬೇಡಿ. ಗೂಡು ತೊಳೆದ ದಿನ ಪರೀಕ್ಷೆ ಇಡುವುದೂ ಬೇಡ.

ಬಾಲ ಹಿಡಿದು ಎತ್ತುವ ಅಭ್ಯಾಸ ಬಿಡಿ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗೆ ಹತ್ತಿಸಿಯೋ ಅಂಗೈ ಬೊಗಸೆಯಲ್ಲಿಯೋ ಎತ್ತಿದರೆ ಇಲಿಯ ಅಂಜಿಕೆ ಬಹಳ ಕಡಿಮೆ. ಪರೀಕ್ಷೆಗೆ ಮೊದಲು ದಿನಕ್ಕೆ ಒಂದೆರಡು ನಿಮಿಷದಂತೆ 3–5 ದಿನ ಹೀಗೆ ಕೈಗೆ ರೂಢಿ ಮಾಡಿಸಿ, ಮತ್ತು ಕೊನೆಯ ತನಕ ಅದೇ ವ್ಯಕ್ತಿ ಹಿಡಿಯಲಿ. ಆ ವ್ಯಕ್ತಿಗೆ ಯಾವ ಇಲಿ ಯಾವ ಗುಂಪಿನದು ಎಂದು ತಿಳಿದಿರಬಾರದು. ಗುರುತಿನ ಪಟ್ಟಿ ಇನ್ನೊಬ್ಬರ ಬೀರುವಿನಲ್ಲಿರಲಿ.

ನೆನಪಿಗೆ ಮೊದಲು ದೇಹ

ಎಸ್‌ಜೆಎಲ್ ತಳಿಯ ರಕ್ತ ಬೆರೆತ ಇಲಿಗಳಲ್ಲಿ ಆರ್‌ಡಿ1 ಎಂಬ ರೂಪಾಂತರ ಹರಿದು ಬರುತ್ತದೆ. ಅದರ ಎರಡೂ ಪ್ರತಿ ಇರುವ ಇಲಿ ಎಳವೆಯಲ್ಲೇ ಕುರುಡಾಗುತ್ತದೆ. ಫೈವ್-ಎಕ್ಸ್-ಫ್ಯಾಡ್‌ನ ಮೂಲ ಮಿಶ್ರ ಹಿನ್ನೆಲೆಯಲ್ಲಿ ಇದು ಇದೆ. ಗೋಡೆಯ ಚಿತ್ರ ನೋಡಿ ದಾರಿ ಕಂಡುಕೊಳ್ಳಬೇಕಾದ ಪರೀಕ್ಷೆಯಲ್ಲಿ ಕುರುಡು ಇಲಿ ಸೋತರೆ ಅದನ್ನು ಮರೆವು ಎಂದು ಬರೆದುಬಿಡುತ್ತೇವೆ. ಬಾಲದ ತುದಿಯಿಂದ ಜೀನ್ ಪರೀಕ್ಷೆ ಮಾಡುವಾಗಲೇ ಆರ್‌ಡಿ1ಕ್ಕೂ ಒಂದು ಪಿಸಿಆರ್ ಹಾಕಿ, ಎರಡು ಪ್ರತಿ ಬಂದವನ್ನು ಮೊದಲೇ ಬಿಟ್ಟುಬಿಡಿ. ಸಿ57 ತಳಿಗೆ ಕಿವಿಯ ತೊಂದರೆ: ಕೆಲವೇ ತಿಂಗಳಲ್ಲಿ ಎತ್ತರದ ಸ್ವರಗಳು ಕೇಳಿಸದಾಗತೊಡಗುತ್ತವೆ. ಶಬ್ದ ಕೇಳಿಸಿ ಭಯ ಕಲಿಸುವ ಪರೀಕ್ಷೆಯಲ್ಲಿ ಇದನ್ನು ಮರೆಯಬಾರದು.

ತೂಕ ವಾರಕ್ಕೊಮ್ಮೆ. ಬಾಲದ ಬುಡ ಹಿಡಿದು 10 ಸೆಕೆಂಡು ತೂಗಿದಾಗ ಹಿಂಗಾಲು ಅಗಲಿಸುತ್ತದೆಯೋ ಹೊಟ್ಟೆಗೆ ಮಡಚುತ್ತದೆಯೋ ನೋಡಿ; ಮಡಚಿದರೆ ನರದ ದೋಷ ಇದೆ ಎಂದರ್ಥ. ಬಾಲ ಹಿಡಿಯಲು ಒಪ್ಪಿಗೆಯಿರುವ ಸಂದರ್ಭ ಇದೊಂದೇ.

ಮೆತ್ತಗಿನದರಿಂದ ಕಠಿಣದ ಕಡೆಗೆ

ಪರೀಕ್ಷೆಗಳ ಕ್ರಮ ಹೀಗಿರಲಿ: ಗೂಡು ಕಟ್ಟುವುದು, ತೆರೆದ ಪೆಟ್ಟಿಗೆ, ವೈ-ಮೇಜ್, ಹೊಸ ವಸ್ತು ಗುರುತಿಸುವುದು, ನೀರಿನ ಮೇಜ್. ಕಾಲಿಗೆ ಶಾಕ್ ಕೊಡುವುದೇನಾದರೂ ಇದ್ದರೆ ಕಟ್ಟಕಡೆಗೆ. ಎರಡು ಪರೀಕ್ಷೆಗಳ ನಡುವೆ ಕನಿಷ್ಠ 2 ದಿನ ಬಿಡುವು. ಪ್ರತಿ ಇಲಿಯ ನಂತರ ಉಪಕರಣವನ್ನು ಶೇ. 70ರ ಆಲ್ಕೋಹಾಲಿನಿಂದ ಒರೆಸಿ, ವಾಸನೆ ಪೂರ್ತಿ ಆರುವ ತನಕ ಕಾಯಿರಿ. ಮಳೆಗಾಲದಲ್ಲಿ ಆರಲು ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡಿ.

ಗೂಡಿನ ಪರೀಕ್ಷೆ ಖರ್ಚಿಲ್ಲದ್ದು, ಆದರೂ ಬಹಳ ಹೇಳುತ್ತದೆ. ಕತ್ತಲೆಯಾಗುವುದಕ್ಕೆ ಒಂದು ಗಂಟೆ ಮೊದಲು ಒಂಟಿ ಇಲಿಯ ಪೆಟ್ಟಿಗೆಗೆ ಒತ್ತಿದ ಹತ್ತಿಯ 3 ಗ್ರಾಂ ಬಿಲ್ಲೆ ಇಡಿ. ಬೆಳಿಗ್ಗೆ ಹರಿಯದೆ ಉಳಿದ ತುಂಡನ್ನು ತೂಗಿ, ಗೂಡಿಗೆ 1ರಿಂದ 5ರ ಅಂಕ ಕೊಡಿ. ಬಿಲ್ಲೆ ಮುಟ್ಟದಿದ್ದರೆ 1, ಸುತ್ತಲೂ ಗೋಡೆ ಎದ್ದ ಬಟ್ಟಲಿನಂಥ ಗೂಡಿಗೆ 5. ನಮ್ಮ ಕಡೆ ಇದರಲ್ಲೊಂದು ತೊಡಕಿದೆ. ಆಟಿಯಲ್ಲಿ ಹತ್ತಿ ರಾತ್ರಿಯಿಡೀ ನೀರು ಹೀರಿ, ಇಲಿ ಹರಿದಿದ್ದರೂ ತೂಕ ಇಳಿದಂತೆ ಕಾಣುವುದಿಲ್ಲ. ಖಾಲಿ ಪೆಟ್ಟಿಗೆಯೊಂದರಲ್ಲಿ ಒಂದು ಬಿಲ್ಲೆ ಇಟ್ಟು, ಅದರ ತೂಕ ಎಷ್ಟು ಏರಿತೆಂದು ನೋಡಿ ಉಳಿದವುಗಳ ಲೆಕ್ಕ ಸರಿಪಡಿಸಿ.

ತೆರೆದ ಪೆಟ್ಟಿಗೆ 40 ಸೆಂ.ಮೀ. ಚೌಕ, 10 ನಿಮಿಷ. ಓಡಿದ ದೂರ, ನಡುವಿನ ಜಾಗದಲ್ಲಿ ಕಳೆದ ಸಮಯ. ಇಲ್ಲಿ ಸಿಕ್ಕ ಓಟದ ಅಂಕಿಯನ್ನು ಜೋಪಾನವಾಗಿಡಿ, ಮಿದುಳಿನ ಅಲೆ ಓದುವಾಗ ಮತ್ತೆ ಬೇಕಾಗುತ್ತದೆ.

ವೈ-ಮೇಜ್‌ಗೆ 120 ಡಿಗ್ರಿ ಅಂತರದ, 30–40 ಸೆಂ.ಮೀ. ಉದ್ದದ ಮೂರು ಓಣಿ. ಇಲಿಯನ್ನು 8 ನಿಮಿಷ ಬಿಡಿ. ನೆನಪು ಗಟ್ಟಿಯಿದ್ದರೆ ಈಗಷ್ಟೇ ಹೋಗಿ ಬಂದ ಓಣಿ ಬಿಟ್ಟು ಬೇರೆಯದಕ್ಕೆ ಹೋಗುತ್ತದೆ. ನಾಲ್ಕೂ ಕಾಲು ಒಳಗಿಟ್ಟರೆ ಮಾತ್ರ ಒಂದು ಪ್ರವೇಶ. ಒಂದು ಇಲಿಯ ದಾಖಲೆ ಹೀಗಿದೆ ಎನ್ನಿ:

ಅ ಬ ಕ ಅ ಬ ಅ ಕ ಬ ಅ ಕ ಅ ಕ

ಒಟ್ಟು 12 ಪ್ರವೇಶ. ಮೂರು ಮೂರರ ಕಂತೆಯನ್ನು ಒಂದೊಂದೇ ಅಕ್ಷರ ಜರುಗಿಸುತ್ತ ಓದಿದರೆ 12ರಿಂದ 2 ಕಳೆದು 10 ಕಂತೆ ಸಿಗುತ್ತವೆ. ಅಬಕ, ಬಕಅ, ಕಅಬ ಸರಿ, ಅಬಅ ತಪ್ಪು, ಬಅಕ, ಅಕಬ, ಕಬಅ, ಬಅಕ ಸರಿ, ಅಕಅ, ಕಅಕ ತಪ್ಪು. ಹತ್ತರಲ್ಲಿ ಏಳು, ಅಂದರೆ ಶೇ. 70. ಕಣ್ಣುಮುಚ್ಚಿ ಓಡಾಡಿದರೂ ಶೇ. 50 ಬರುತ್ತದೆ, ಆದ್ದರಿಂದ ಹೋಲಿಕೆ ಸೊನ್ನೆಯೊಂದಿಗೆ ಅಲ್ಲ, ಐವತ್ತರೊಂದಿಗೆ. ಹತ್ತಕ್ಕಿಂತ ಕಡಿಮೆ ಪ್ರವೇಶ ಮಾಡಿದ ಇಲಿಯ ಶೇಕಡಾವಾರಿಗೆ ಬೆಲೆ ಇಲ್ಲ; ಬಿಡುತ್ತೀರಾದರೆ ಆ ನಿಯಮವನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಿ.

ಶೇ. 100 ಬಂದ ಇಲಿಯನ್ನು ನೋಡಿ ಹಿಗ್ಗಬೇಡಿ. ಅಬಕಅಬಕಅಬಕ ಎಂದು ಗಾಣದ ಎತ್ತಿನ ಹಾಗೆ ಒಂದೇ ಕಡೆಗೆ ತಿರುಗುತ್ತ ಹೋದರೂ ನೂರಕ್ಕೆ ನೂರು ಬರುತ್ತದೆ. ಎಡ ಬಲ ತಿರುವುಗಳನ್ನು ಬೇರೆಯಾಗಿ ಎಣಿಸಿ. ಮಾದರಿ ಇಲಿಗಳಲ್ಲಿ ಹೀಗೆ ಸುತ್ತುವವು ಇರುತ್ತವೆ, ಅವು ಜಾಣ ಇಲಿಗಳಲ್ಲ.

ಹೊಸ ವಸ್ತು ಪರೀಕ್ಷೆಗೆ ಮೊದಲ ದಿನ ಖಾಲಿ ಪೆಟ್ಟಿಗೆಯಲ್ಲಿ 10 ನಿಮಿಷ, ಮರುದಿನ ಒಂದೇ ಥರದ ಎರಡು ವಸ್ತುಗಳೊಂದಿಗೆ 10 ನಿಮಿಷ, 24 ಗಂಟೆ ಬಿಟ್ಟು ಒಂದನ್ನು ಬದಲಿಸಿ 5 ನಿಮಿಷ. ಮೂಗು ವಸ್ತುವಿನಿಂದ 2 ಸೆಂ.ಮೀ. ಒಳಗೆ ಅದರ ಕಡೆಗೇ ಇದ್ದರೆ ಮಾತ್ರ ಎಣಿಸಿ, ಮೇಲೆ ಹತ್ತಿ ಕೂತರೆ ಬೇಡ. ಹೊಸದಕ್ಕೆ 24 ಸೆಕೆಂಡು, ಹಳೆಯದಕ್ಕೆ 12 ಸೆಕೆಂಡು ಕೊಟ್ಟಿದ್ದರೆ ವ್ಯತ್ಯಾಸ 12ನ್ನು ಮೊತ್ತ 36ರಿಂದ ಭಾಗಿಸಿ: 0.33. ಎರಡೂ ಸೇರಿ 20 ಸೆಕೆಂಡು ಮೀರದಿದ್ದರೆ ಆ ಇಲಿ ವಸ್ತುವನ್ನು ನೋಡಿಯೇ ಇಲ್ಲ. ವಸ್ತುಗಳಿಗೆ ಮರಳು ತುಂಬಿದ ಸಣ್ಣ ಗಾಜಿನ ಬಾಟಲಿ, ಪಿಂಗಾಣಿ ತುಂಡು ಒಳ್ಳೆಯದು. ಸುಲಭಕ್ಕೆ ಸಿಗುತ್ತದೆಂದು ಗೆರಟೆ, ಮರದ ತುಂಡು ಇಡಬೇಡಿ: ಇಲಿ ಕಡಿಯುತ್ತದೆ, ವಾಸನೆ ಒಳಗೆ ಇಳಿದು ಆಲ್ಕೋಹಾಲಿಗೂ ಹೋಗುವುದಿಲ್ಲ.

ನೀರಿನ ಮೇಜ್

ರಿಚರ್ಡ್ ಮಾರಿಸ್ 1980ರ ದಶಕದ ಆರಂಭದಲ್ಲಿ ರ‍್ಯಾಟ್‌ಗಳಿಗಾಗಿ ರೂಪಿಸಿದ ಪರೀಕ್ಷೆ ಇದು. ಮೌಸ್‌ಗೆ 120 ಸೆಂ.ಮೀ. ಅಗಲದ ತೊಟ್ಟಿ, ನೀರಿನ ಮಟ್ಟಕ್ಕಿಂತ 1 ಸೆಂ.ಮೀ. ಕೆಳಗೆ ಮುಳುಗಿಸಿಟ್ಟ 10 ಸೆಂ.ಮೀ. ಅಗಲದ ಮೆಟ್ಟು; ಇಲಿ ಈಜುತ್ತ ಅದನ್ನು ಹುಡುಕಬೇಕು. ದಿನಕ್ಕೆ 4 ಸಲ, ಸಲಕ್ಕೆ 60 ಸೆಕೆಂಡು, 5–7 ದಿನ. ಸಿಗದಿದ್ದರೆ ಕೈಹಿಡಿದು ಮೆಟ್ಟಿಗೆ ತಲುಪಿಸಿ 15 ಸೆಕೆಂಡು ಅಲ್ಲೇ ಬಿಡಿ. ಕೊನೆಯ ತರಬೇತಿಯ 24 ಗಂಟೆಗಳ ನಂತರ ಮೆಟ್ಟು ತೆಗೆದು 60 ಸೆಕೆಂಡು ಈಜಿಸಿ. ಮೆಟ್ಟಿದ್ದ ಕಾಲುಭಾಗದಲ್ಲಿ ಶೇ. 25ಕ್ಕಿಂತ ಎಷ್ಟು ಹೆಚ್ಚು ಹೊತ್ತು ಹುಡುಕಿತು ಎಂಬುದೇ ಉತ್ತರ.

ನೀರು 22–24 ಡಿಗ್ರಿ ಇರಬೇಕು. ಮಾರ್ಚಿನಲ್ಲಿ ನಮ್ಮ ತಾರಸಿ ಟ್ಯಾಂಕಿನ ನೀರು ಸ್ನಾನಕ್ಕೆ ಕಾಯಿಸದೆಯೇ ಸಾಕಾಗುವಷ್ಟು ಬಿಸಿ; ಅಂಥ ನೀರಲ್ಲಿ ಇಲಿ ಹಾಯಾಗಿ ತೇಲುತ್ತದೆ, ಮೆಟ್ಟು ಹುಡುಕುವುದಿಲ್ಲ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಟ್ಟು ತಣಿಸಿ. ನೀರು ಬೆಳ್ಳಗಾಗಿಸಲು ವಿಷವಿಲ್ಲದ ಬಿಳಿ ಟೆಂಪರಾ ಬಣ್ಣ ಬಳಸಿ. ಹಾಲಿನ ಪುಡಿ ಹಾಕುವವರಿದ್ದಾರೆ, ನಮ್ಮ ಹವೆಗೆ ಮರುದಿನಕ್ಕೆ ಹುಳಿನಾತ.

ಕೊನೆಗೆ ಮೆಟ್ಟಿನ ಮೇಲೆ ಪುಟ್ಟ ಬಾವುಟ ನೆಟ್ಟು ಈಜಿಸುವ ಹಂತ ಬಿಡಲೇಬೇಡಿ. ಕಣ್ಣಿಗೆ ಕಾಣುವ ಬಾವುಟದತ್ತಲೂ ಹೋಗಲಾರದ ಇಲಿಯ ತೊಂದರೆ ಕಣ್ಣಿನಲ್ಲೋ ಕಾಲಿನಲ್ಲೋ ಛಲದಲ್ಲೋ ಇದೆ, ನೆನಪಿನಲ್ಲಲ್ಲ. ಪ್ರತಿ ಈಜಿನ ನಂತರ ಬಟ್ಟೆಯಲ್ಲಿ ಒರೆಸಿ, ದೀಪದ ಬಿಸಿಗೆ ಇಡಿ.

ತಲೆಬುರುಡೆಯ ಮೇಲೆ ತಿರುಪು

ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ಹಿಡಿಯುವ ತಿರುಪು ಕೂರಿಸುವ ಶಸ್ತ್ರಕ್ರಿಯೆ, ನೀರಿನ ಪರೀಕ್ಷೆಯ ನಂತರ. ತಲೆಯ ಮೇಲೆ ಕೊಂಡಿ ಹೊತ್ತ ಇಲಿಯನ್ನು ನೀರಿಗೆ ಬಿಡುವಂತಿಲ್ಲ. ಬೇಕಾಗುವುದು ಎಂ1 ಅಳತೆಯ, 2–3 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಸ್ಟೀಲ್ ತಿರುಪು. ಸ್ಟೇನ್‌ಲೆಸ್‌ಗೆ ಸಾಮಾನ್ಯ ಬೆಸುಗೆ ಹಿಡಿಯದು, ಆಸಿಡ್ ಫ್ಲಕ್ಸ್ ಬೇಕು. ತಂತಿಯನ್ನು ಮೊದಲೇ ಬೆಸೆದು, ಫ್ಲಕ್ಸ್ ಉಳಿಯದಂತೆ ಚೆನ್ನಾಗಿ ತೊಳೆದು, ಕ್ರಿಮಿಶುದ್ಧ ಮಾಡಿಡಿ. ತಲೆಗೆ ಹಾಕಿದ ಮೇಲೆ ಬೆಸೆಯಲು ಹೋದರೆ ಕೆಳಗಿನ ಮಿದುಳು ಬೇಯುತ್ತದೆ.

ಅರಿವಳಿಕೆ ಅನಿಲ ಐಸೋಫ್ಲುರೇನ್ ಶೇ. 3–4ರಲ್ಲಿ ಮಲಗಿಸಿ, 1–1.5ರಲ್ಲಿ ಉಳಿಸಿ. ಉಸಿರಾಟ ನೋಡುತ್ತಿರಿ, ಮೈ 37 ಡಿಗ್ರಿ, ಕಣ್ಣಿಗೆ ಮುಲಾಮು. ನೋವು ನಿವಾರಕ ಮೆಲಾಕ್ಸಿಕಾಂ ಕೆ.ಜಿ.ಗೆ 5 ಮಿ.ಗ್ರಾಂ., ಚರ್ಮದಡಿಗೆ, ಪಶುವೈದ್ಯರ ಒಪ್ಪಿಗೆಯಂತೆ. 25 ಗ್ರಾಂ ಇಲಿಗೆ ಅದು 0.125 ಮಿ.ಗ್ರಾಂ. ಮಿಲಿಲೀಟರಿಗೆ 5 ಮಿ.ಗ್ರಾಂ. ಇರುವ ಔಷಧವಾದರೆ 0.025 ಮಿ.ಲೀ. ಆಯಿತು, ಸಿರಿಂಜಿನಲ್ಲಿ ಅಳೆಯಲಾಗದ ಹನಿ. ಹತ್ತು ಪಟ್ಟು ತೆಳ್ಳಗೆ ಮಾಡಿಕೊಂಡು 0.25 ಮಿ.ಲೀ. ಕೊಡಿ. ಈ ಒಂದು ದಶಮಾಂಶ ತಪ್ಪಿ ಇಲಿ ಸಾಯುವುದುಂಟು.

ಬುರುಡೆಯ ಎಲುಬುಗಳು ಕೂಡುವ ಮುಂದಿನ ಬಿಂದು ಬ್ರೆಗ್ಮಾ, ಹಿಂದಿನ ಬಿಂದು ಲ್ಯಾಮ್ಡಾ ಎರಡರ ಎತ್ತರ ಒಂದೇ ಮಟ್ಟಕ್ಕೆ ಬರುವಂತೆ ತಲೆ ಕೂರಿಸಿ. ಮುಂದಿನ ತಿರುಪು ಬ್ರೆಗ್ಮಾದಿಂದ 1.5 ಮಿ.ಮೀ. ಮುಂದೆ, 1.5 ಮಿ.ಮೀ. ಪಕ್ಕಕ್ಕೆ. ಹಿಂದಿನದು 2 ಮಿ.ಮೀ. ಹಿಂದೆ, 2 ಮಿ.ಮೀ. ಪಕ್ಕಕ್ಕೆ. ಹೋಲಿಕೆಯ ತಿರುಪು ಲ್ಯಾಮ್ಡಾದ ಹಿಂದೆ, ಕಿರುಮಿದುಳಿನ ಮೇಲೆ. ನಡುಗೆರೆಯಲ್ಲಿ ದೊಡ್ಡ ರಕ್ತನಾಳ ಇರುವುದರಿಂದ ಅದರ ಮೇಲೆ ಡ್ರಿಲ್ ಇಡಬೇಡಿ. ಎಂ1 ತಿರುಪು ಒಂದು ಸುತ್ತಿಗೆ 0.25 ಮಿ.ಮೀ. ಇಳಿಯುತ್ತದೆ, ಇಲಿಯ ಬುರುಡೆ ಅಷ್ಟೇ ತೆಳ್ಳಗೆ. ಎಲುಬು ಹಿಡಿದ ಮೇಲೆ ಎರಡು ಸುತ್ತು ಸಾಕು. ಮೂರು ನಾಲ್ಕು ಸುತ್ತಿದರೆ ಮಿದುಳಿನ ಹೊರಪದರ ಅದುಮಿ ಗಾಯವಾಗುತ್ತದೆ, ಆ ಗಾಯವೇ ಮುಂದೆ ಅಪಸ್ಮಾರದ ಅಲೆ ಎಬ್ಬಿಸುತ್ತದೆ, ಅದನ್ನು ನೀವು ಅಮೈಲಾಯ್ಡ್ ತಲೆಗೆ ಕಟ್ಟುತ್ತೀರಿ. ಕತ್ತಿನ ಸ್ನಾಯುವಿಗೆ ಎರಡು ತಂತಿ ಹಾಕುವುದನ್ನು ಮರೆಯಬೇಡಿ. ನಿದ್ದೆ ಗುರುತಿಸಲು, ಅಗಿಯುವಾಗ ಏಳುವ ಅಲೆ ಬೇರ್ಪಡಿಸಲು ಅದು ಬೇಕು. ಬುರುಡೆ ಪೂರ್ತಿ ಒಣಗಿದ ಮೇಲೆ ಡೆಂಟಲ್ ಸಿಮೆಂಟ್. ಹಸಿ ಎಲುಬಿನ ಮೇಲೆ ಹಾಕಿದ ಸಿಮೆಂಟ್ ಎರಡೇ ವಾರದಲ್ಲಿ ಟೋಪಿಯಂತೆ ಕಳಚುತ್ತದೆ. ಚೇತರಿಕೆಗೆ 7–10 ದಿನ.

ಗದ್ದಲ

ಪ್ರತಿ ಸೆಕೆಂಡಿಗೆ 1000 ಅಳತೆ, ಜೊತೆಗೆ ವಿಡಿಯೊ, 24 ಗಂಟೆಯ ಎರಡು ದಿನ. ಮೊದಲ ದಿನ ಕೇಬಲಿಗೆ ಒಗ್ಗಲು ಬಿಟ್ಟು ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಿರಿ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗೊಂಯ್‌ಗುಡುವಿಕೆ ಮಿದುಳಿನ ವೇಗದ ಅಲೆಯಾದ ಗಾಮಾದ ನಟ್ಟನಡುವೆ ಕೂರುತ್ತದೆ. ಮುರಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಗದ್ದಲ ಏರುತ್ತದೆ, ಗುಂಡಿಗೆ ನೀರು ಹಾಕಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಕರೆಂಟು ಹೋದಾಗ ಅಗ್ಗದ ಇನ್ವರ್ಟರಿನ ಚೌಕ ಅಲೆ 150, 250 ಹರ್ಟ್ಸ್‌ನಲ್ಲೂ ಕೊಳೆ ಸುರಿಯುತ್ತದೆ. ಶುದ್ಧ ಸೈನ್ ಅಲೆಯ ಯುಪಿಎಸ್ ಇರಲಿ. ಪಂಜರದ ಸುತ್ತ ತಾಮ್ರದ ಬಲೆ ಕಟ್ಟಿ ಒಂದೇ ಕಡೆ ಅರ್ತ್ ಮಾಡಿ. ಎರಡು ಕಡೆ ಮಾಡಿದರೆ ಅದೇ ಒಂದು ಸುರುಳಿಯಾಗಿ ಗದ್ದಲ ಹಿಡಿಯುತ್ತದೆ. ಫಿಲ್ಟರಿಗಿಂತ, 48ರಿಂದ 52 ಹರ್ಟ್ಸ್ ಬಿಟ್ಟು ಉಳಿದದ್ದನ್ನು ಲೆಕ್ಕ ಹಾಕುವುದು ಪ್ರಾಮಾಣಿಕ ದಾರಿ.

ಓದುವುದು

ಮೊದಲು 4 ಸೆಕೆಂಡಿನ ತುಣುಕುಗಳಾಗಿ ಎಚ್ಚರ, ಗಾಢ ನಿದ್ದೆ, ಕನಸಿನ ನಿದ್ದೆ ಎಂದು ವಿಂಗಡಿಸಿ. ಗಾಢ ನಿದ್ದೆಯಲ್ಲಿ 1–4 ಹರ್ಟ್ಸ್‌ನ ಡೆಲ್ಟಾ ದೊಡ್ಡದು, ಕನಸಿನ ನಿದ್ದೆಯಲ್ಲಿ 6–10ರ ಥೀಟಾ ನಿಚ್ಚಳ, ಕತ್ತಿನ ಸ್ನಾಯು ಮೌನ. ಅಮೈಲಾಯ್ಡ್ ಇಲಿಗಳಲ್ಲಿ ನಿದ್ದೆ ತುಂಡುತುಂಡಾಗುವುದು, ಥೀಟಾ ಗಾಮಾಗಳ ಹೊಂದಿಕೆ ಸಡಿಲಾಗುವುದು, ಮುಳ್ಳಿನಂಥ ಚೂಪು ಅಲೆ ಏಳುವುದು ಮತ್ತೆ ಮತ್ತೆ ಕಂಡಿವೆ. ಜೆ20 ಎಂಬ ಇನ್ನೊಂದು ಅಮೈಲಾಯ್ಡ್ ತಳಿಯಲ್ಲಿ ಮೈ ನಡುಗದೆಯೇ ಮಿದುಳಿನೊಳಗೆ ಸೆಳವು ನಡೆಯುತ್ತದೆ ಎಂದು 2007ರಲ್ಲಿ ತಿಳಿದ ಮೇಲೆ, ಸುಮ್ಮನೆ ನಿಂತ ಇಲಿಯನ್ನು ಸುಮ್ಮನಿದೆ ಎಂದು ಬರೆಯುವುದು ಕಷ್ಟವಾಗಿದೆ. ನೆನಪಿನ ಪರೀಕ್ಷೆಯಲ್ಲಿ ಸೋತ ಇಲಿಯ ರಾತ್ರಿಯ ದಾಖಲೆಯಲ್ಲಿ ಮುಳ್ಳುಗಳು ಎಷ್ಟಿವೆ ಎಂದು ಅದೇ ಇಲಿಗೆ ಜೋಡಿಸಿ ನೋಡಿ. ಗುಂಪಿನ ಸರಾಸರಿಯಲ್ಲಿ ಇದು ಮುಚ್ಚಿಹೋಗುತ್ತದೆ.

ಮುಳ್ಳು ಹುಡುಕಲು ಶಾಂತ ಅಲೆಯ ವಿಚಲನೆಯ 5 ಪಟ್ಟು ಮೀರಿದ್ದು, 20–70 ಮಿಲಿಸೆಕೆಂಡು ಅಗಲದ್ದು ಎಂದು ಗಣಕಕ್ಕೆ ಹೇಳಿ. ನಂತರ ಪ್ರತಿಯೊಂದನ್ನೂ ಕಣ್ಣಿನಿಂದ ನೋಡಿ. ಕತ್ತಿನ ಸ್ನಾಯುವಿನ ಸಾಲಿನಲ್ಲೂ ಅದೇ ಕ್ಷಣ ಅಲೆ ಎದ್ದಿದ್ದರೆ, ವಿಡಿಯೊದಲ್ಲಿ ಇಲಿ ಕಾಳು ಕಡಿಯುತ್ತಿದ್ದರೆ, ಅದು ದವಡೆಯ ಕೆಲಸ.

ತೆರೆದ ಪೆಟ್ಟಿಗೆಯ ಓಟದ ಅಂಕಿ ಬೇಕಾಗುವುದು ಇಲ್ಲಿ. ಇಲಿ ವೇಗವಾಗಿ ಓಡಿದಷ್ಟೂ ಥೀಟಾ ಏರುತ್ತದೆ. ಮಾದರಿ ಇಲಿ ಹೆಚ್ಚು ಓಡುವ ತಳಿಯಾದರೆ ಅದರ ಥೀಟಾ ಹೆಚ್ಚು ಕಾಣುವುದು ಕಾಲಿನಿಂದ, ಕಾಯಿಲೆಯಿಂದಲ್ಲ. ಒಂದೇ ವೇಗದ ತುಣುಕುಗಳನ್ನು ಆರಿಸಿ ಹೋಲಿಸಿ. ಒಂದು ಇಲಿಯ ಸಾವಿರ ತುಣುಕು ಸಾವಿರ ಸಂಖ್ಯೆಯಲ್ಲ, ಒಂದು ಇಲಿ ಒಂದೇ.

2016ರಲ್ಲಿ ಎಂಐಟಿಯ ಲೀ-ಹುಯೆ ತ್ಸಾಯಿ ತಂಡ, 40 ಹರ್ಟ್ಸ್ ಮಿನುಗುವ ಬೆಳಕಿನಿಂದ ಫೈವ್-ಎಕ್ಸ್-ಫ್ಯಾಡ್ ಇಲಿಗಳ ಮಿದುಳಿನಲ್ಲಿ ಅಮೈಲಾಯ್ಡ್ ಇಳಿಯಿತು ಎಂದು ವರದಿ ಮಾಡಿತು. 2023ರಲ್ಲಿ ನ್ಯೂಯಾರ್ಕಿನ ಗ್ಯೋರ್ಗಿ ಬುಜಾಕಿ ತಂಡಕ್ಕೆ ಆ ಫಲ ಸಿಗಲಿಲ್ಲ. ಇಬ್ಬರೂ ನುರಿತವರೇ. ಕೋಣೆಯ ಬೆಳಕು, ಇಲಿಯ ವಯಸ್ಸು, ಹಿಡಿದ ಕೈ ಇವನ್ನೆಲ್ಲ ದಿನದ ಪುಸ್ತಕದಲ್ಲಿ ಬರೆದಿಡಿ ಎಂದು ಹಿರಿಯರು ಪೀಡಿಸುವುದಕ್ಕೆ ಇಂಥ ಜಗಳಗಳೇ ಕಾರಣ.

ದಾಖಲೆ ಮುಗಿದ ಮೇಲೆ ಮಿದುಳು ತೆಗೆದು 30–40 ಮೈಕ್ರಾನಿನ ಹೋಳು ಮಾಡಿ, ಥಯೋಫ್ಲಾವಿನ್-ಎಸ್ ಬಣ್ಣ ಹಾಕಿ ಗಂಟುಗಳನ್ನು ನೋಡಿ, ತಿರುಪಿನ ಕೆಳಗೆ ಗಾಯ ಇದೆಯೇ ಪರೀಕ್ಷಿಸಿ. ಬಾಲದ ತುದಿಯಿಂದ ಇನ್ನೊಮ್ಮೆ ಜೀನ್ ಪರೀಕ್ಷೆಯೂ ಆಗಲಿ. ಬೀರುವಿನಲ್ಲಿರುವ ಗುರುತಿನ ಪಟ್ಟಿ ತೆರೆಯುವುದು ಇಷ್ಟೆಲ್ಲ ಆದ ನಂತರ.